ದೋಚಲು ಬಂದವನಿಗೂ ಕಬ್ಬಿನ ಹಾಲು

ಬೆಸಗರಹಳ್ಳಿ ರಸ್ತೆಯ ಬೋರಯ್ಯನ ಆಲೆಮನೆಗೆ ಯಾರೇ ಕಾಲಿಡಲಿ, ಒಂದು ಲೋಟ ಕಬ್ಬಿನ ಹಾಲು ಕುಡಿಯದೆ, ಕೈಯಲ್ಲೊಂದಿಷ್ಟು ಬಿಸಿ ಬೆಲ್ಲ ಹಿಡಿಯದೆ ಹೊರಗೆ ಹೋದದ್ದಿಲ್ಲ. ಅವನಪ್ಪನ ಕಾಲದ ರೂಢಿ. ಹಾಗಾಗಿ ಹೋದ ವರ್ಷ ಸಂತೋಷ್ ಎಂಬ ಪುಣ್ಯಾತ್ಮ ಮಚ್ಚು ಹಿಡಿದು ಒಳಗೆ ಬಂದಾಗಲೂ ಬೋರಯ್ಯನ ಕೈ ತಾನಾಗಿಯೇ ಲೋಟದ ಕಡೆ ಹೋಯಿತು. ಸಂತೋಷ್ ಮೊದಲು ಬೋರಯ್ಯನ ಹೆಂಡತಿ ಸಣ್ಣತಾಯಮ್ಮನ ಕೊರಳ ಸರ ಕಿತ್ತುಕೊಂಡ, ಆಮೇಲೆ ಹಾಲು ಕುಡಿದ. ನಿಂಬೆಹಣ್ಣು ಸಾಲದು ಎಂದ. ಬೋರಯ್ಯ ಇನ್ನೊಂದು ಹೋಳು ಹಿಂಡಿದ.

ಸಂತೋಷ್ ಸಿಕ್ಕಿಬಿದ್ದ ಮೇಲೆ ಮದ್ದೂರಿನ ಕೋರ್ಟಿನಲ್ಲಿ ಇದೇ ಮುಳುವಾಯಿತು. ಹಾಲು ಕೊಟ್ಟೆಯಾ ಎಂದು ಬೋರಯ್ಯನನ್ನು ಕೇಳಿದರು, ಕೊಟ್ಟೆ ಎಂದ. ಬೆಲ್ಲ? ಎಲೆಯಲ್ಲಿ ಕಟ್ಟಿಕೊಟ್ಟೆ ಎಂದ. ಇದೇ ಕೆಲಸಕ್ಕೆ ಮಳವಳ್ಳಿ ಕಡೆ ಎರಡು ಸಲ ಸಿಕ್ಕಿಬಿದ್ದು ಜೈಲು ಕಂಡಿದ್ದ ಸಂತೋಷನಿಗೆ, ಇಬ್ಬರೂ ಸೌಹಾರ್ದದಿಂದಲೇ ಇದ್ದಂತೆ ಕಾಣುತ್ತದೆ ಎಂದು ಒಂದೇ ವರ್ಷ ಬಿತ್ತು. ವ್ಯಾನು ಹತ್ತುವಾಗ "ಬತ್ತೀನಿ ಕಣಣ್ಣ" ಎಂದು ಹೇಳಿಯೇ ಹೋದ.

"ಅವ್ನು ಒರಗೆ ಬರಾದಾದ್ರೆ ನಾನು ಆಲೆಮನೆ ಬಾಗ್ಲು ತುಳಿಯಾಕಿಲ್ಲ" ಎಂದಳು ಸಣ್ಣತಾಯಮ್ಮ. ಪಾಕದ ಹದ ನೋಡುವವಳು ಅವಳೇ. ಅವಳಿಲ್ಲದೆ ಬೋರಯ್ಯ ಕಾಸಿದ ಬೆಲ್ಲದಲ್ಲಿ ಗೋಡೆ ಕಟ್ಟಬಹುದಿತ್ತು. ಆಲೆಮನೆ ಮುಚ್ಚಿತು.

ಶಿಕ್ಷೆ ಸಾಲದೆಂದು ಸರ್ಕಾರ ಮಂಡ್ಯದ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಿತು. ವಿಚಾರಣೆಯ ದಿನ ಗಂಡಹೆಂಡಿರು ಹಿಂದಿನ ಬೆಂಚಿನಲ್ಲಿ ಕೂತರು.

"ಹೆದರಿದವನು ನಿಂಬೆಹಣ್ಣು ಹಿಂಡುತ್ತಾನೆಯೇ ಸ್ವಾಮಿ? ಅದೂ ಎರಡು ಸಲ?" ಎಂದರು ಸಂತೋಷನ ವಕೀಲ ಶ್ರೀಕಾಂತ್.

"ಇಂಡು, ಇನ್ನೊಂದ್ ಓಳು ಇಂಡು" ಎಂದು ಸಣ್ಣತಾಯಮ್ಮ ಗಂಡನ ಪಕ್ಕೆ ತಿವಿದಳು.

ಸರ್ಕಾರಿ ವಕೀಲೆ ಅರುಂಧತಿ ಎದ್ದರು. "ಮಾರನೆಯ ದಿನ ಜಾಡು ಹಿಡಿಯಲು ಬಂದ ಪೊಲೀಸ್ ನಾಯಿಗೂ ಈತ ಬೆಲ್ಲ ತಿನ್ನಿಸಿದ್ದಾನೆ ಸ್ವಾಮಿ. ಅದು ತಿಂದು ಅಲ್ಲೇ ಮಲಗಿತು. ಹಾಗಂತ ನಾಯಿಯ ಜೊತೆಗೂ ಸೌಹಾರ್ದ ಎಂದು ಬರೆಯೋಣವೇ?"

ಶಿಕ್ಷೆ ಹೆಚ್ಚಿಸುವ ಮುನ್ನ ಶಿಕ್ಷೆಗೊಳಗಾದವನ ಮಾತನ್ನೂ ಕೇಳಬೇಕಲ್ಲ, ನ್ಯಾಯಾಧೀಶರು ಸಂತೋಷನತ್ತ ತಿರುಗಿದರು. "ಯಾಕೆ ಹೆಚ್ಚಿಸಬಾರದು, ಹೇಳಪ್ಪ."

ಸಂತೋಷ್ ಕೈಕಟ್ಟಿ ನಿಂತ. "ಮೂರು ಕಡೆ ದೋಚಿವ್ನಿ ಬುದ್ಧಿ. ಇವ್ರಷ್ಟು ಒಳ್ಳೆ ಜನ ಎಲ್ಲೂ ಸಿಕ್ನಿಲ್ಲ. ಅದ್ಕೇ ಜೈಲಿಂದ ಬುಟ್ಟೇಟ್ಗೆ ಮೊದ್ಲು ಅಲ್ಗೇ ಓಯ್ತೀನಿ."

ಶ್ರೀಕಾಂತ್ ಫೈಲು ಮುಚ್ಚಿದರು.

ಒಂದು ವರ್ಷ ಏಳಾಯಿತು. ಹಳೆಯ ಎರಡು ಶಿಕ್ಷೆಗಳನ್ನು ಕೆಳಗಿನ ಕೋರ್ಟು ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಉಪಚಾರ ಮಾಡಿದ್ದು ಬೋರಯ್ಯನ ಗುಣವೇ ಹೊರತು ಸಂತೋಷನದಲ್ಲ ಎಂದು ನ್ಯಾಯಾಧೀಶರು ಬರೆಸಿದರು.

ಹೊರಗೆ ಬಂದು ಬೋರಯ್ಯ ಹೆಂಡತಿಯ ಮುಖ ನೋಡಿದ. "ನಾಳೀಕೆ ಒಲೆ ಅಚ್ಚವಾ?"

"ಏಳೊರ್ಸ ಆದ್ಮೇಲೆ?"

"ಅಷ್ಟೊತ್ಗೆ ಅವ್ನಿಗೂ ಸಕ್ರೆ ಕಾಯ್ಲೆ ಬಂದಿರ್ತದೆ ಬುಡು."

ಸಣ್ಣತಾಯಮ್ಮ ನಗಲಿಲ್ಲ. ಬಸ್ಸು ಮದ್ದೂರು ದಾಟಿದ ಮೇಲೆ, ಬೆಳಿಗ್ಗೆ ಬೇಗ ಎಬ್ಬಿಸು ಎಂದಳು.