ಸೀರೆಯ ಮೊದಲ ಒಗೆತ

ಸೀಮೆಎಣ್ಣೆಯಲ್ಲಿ ಕದಡಿದ ನೀಲಿಪುಡಿಯ ವಾಸನೆ ಎಲ್ಲಾದರೂ ಬಂದರೆ ನನಗೆ ಮೆಲ್ಕಾರಿನ ನಮ್ಮ ಮನೆಯ ಜಗಲಿ ಕಾಣುತ್ತದೆ. ರಸ್ತೆ ಅಗಲ ಮಾಡುವಾಗ ಆ ಮನೆ ಹೋಯಿತು. ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದ ತೆಳು ಕಾಗದವನ್ನು ಬಟ್ಟೆಯ ಮೇಲೆ ಹಾಸಿ, ಆ ನೀಲಿಯಲ್ಲಿ ಅದ್ದಿದ ಚಿಂದಿಯಿಂದ ಒರೆಸಿದರೆ ತೂತುಗಳ ಮೂಲಕ ಹೂಬಳ್ಳಿ ಬಟ್ಟೆಗೆ ಇಳಿಯುತ್ತಿತ್ತು. ನಿಮ್ಮ ಮನೆಯ ದಿಂಬುಗಳ ಮೇಲೂ ಅಂಥ ಬಳ್ಳಿ ಹಬ್ಬಿದ್ದಿರಬಹುದು. ಅಜ್ಜಿಯ ಕಾಲದಲ್ಲಿ ಅದನ್ನು ನೂಲಿನಿಂದ ತುಂಬುತ್ತಿದ್ದರು. ತೊಂಬತ್ತರ ದಶಕದಲ್ಲಿ ಬಿ.ಸಿ.ರೋಡಿನ ಅಂಗಡಿಗಳಿಗೆ ಪುಟ್ಟ ಬಾಟಲಿಗಳ ಬಣ್ಣ ಬಂದ ಮೇಲೆ ಸುಮತಿ ಚಿಕ್ಕಮ್ಮ ಕುಂಚ ಹಿಡಿದಳು. ತಿಂಗಳ ಕಸೂತಿ ಎರಡು ದಿನದ ಫ್ಯಾಬ್ರಿಕ್ ಪೈಂಟಿಂಗ್ ಆಯಿತು.

ನಾನು ಏಳನೆಯ ತರಗತಿಯಲ್ಲಿದ್ದಾಗ ಅವಳ ಬಲಗೈ ನಡುಗಲು ಶುರುವಾಯಿತು. ಮೊದಲು ಸೂಜಿಗೆ ನೂಲು ಪೋಣಿಸುವಾಗ ಕಂಡೆ, ಆಮೇಲೆ ಗುಲಾಬಿಯ ಎಸಳಿನ ಅಂಚಿನಲ್ಲಿ. ಅವಳು ಯಾರಿಗೂ ಹೇಳಲಿಲ್ಲ; ಜನರೆದುರು ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು. ಆಗಲೇ, ಅವಳಿಗೆ ಬಣ್ಣ ಕಲಸಿಕೊಡುತ್ತಿದ್ದ ಪಕ್ಕದ ಮನೆಯ ಜಮೀಲಾಳಿಗೆ ಬೆಳ್ತಂಗಡಿಯಲ್ಲಿ ಸಂಬಂಧ ಕೂಡಿಬಂತು. ಮದುವೆಯ ಮರುದಿನ ಉಡುವ ಕೆನೆಬಣ್ಣದ ಸೀರೆಗೆ ಚಿಕ್ಕಮ್ಮನೇ ಪೈಂಟ್ ಮಾಡಬೇಕೆಂದು ಅವಳ ಹಠ. ಹಕ್ಕಿ ಬೇಡ, ಜೀವಿಗಳ ಚಿತ್ರ ನಮಗಾಗದು, ಹೂ ಸಾಕು ಎಂದು ಅವಳ ಉಮ್ಮ ಹೇಳಿದ್ದರಿಂದ ಚಿಕ್ಕಮ್ಮ ಚುಚ್ಚಿದ ಕಾಗದದಲ್ಲಿದ್ದ ನವಿಲಿನ ತೂತುಗಳಿಗೆ ಕಾಗದ ಅಂಟಿಸಿ ಬಳ್ಳಿಯನ್ನಷ್ಟೇ ಇಳಿಸಿದಳು. ಕುಂಚ ಎತ್ತಿದಳು. ಅದರ ತುದಿ ಗಾಳಿಯಲ್ಲೇ ತೂಗಾಡಿತು. ಸ್ವಲ್ಪ ಹೊತ್ತು ನೋಡಿ, ಅದನ್ನು ಜಮೀಲಾಳ ಕಡೆಗೆ ಚಾಚಿದಳು.

“ನಾನು ಹೇಳ್ತೇನೆ, ನೀನು ತುಂಬು.”

“ಹಾಳಾದರೆ ಸುಮತಕ್ಕ?”

“ಉಡುವವಳು ನೀನೇ ಅಲ್ವಾ ಮಾರಾಯ್ತಿ. ಬೈಯ್ಲಿಕ್ಕೆ ಬೇರೆ ಯಾರು ಉಂಟು?”

ಮೂರು ಮಧ್ಯಾಹ್ನ ಜಮೀಲಾ ಬಣ್ಣ ತುಂಬಿದಳು. ಎಸಳಿನ ಬುಡಕ್ಕೆ ಗಾಢ, ಅಂಚಿಗೆ ತೆಳು, ನೀರು ಹೆಚ್ಚಾಗಕೂಡದು. ಒಣಗಿದ ಮೇಲೆ ಸೀರೆ ತಿರುವಿ ಹಿಂಬದಿಯಿಂದ ಇಸ್ತ್ರಿ. ಆದರೂ ಮೊದಲ ಒಗೆತದವರೆಗೆ ಬಣ್ಣ ನಿಲ್ಲುತ್ತದೆಂದು ಹೇಳುವ ಹಾಗಿಲ್ಲ ಎನ್ನುತ್ತಿದ್ದಳು ಚಿಕ್ಕಮ್ಮ. ಮದುವೆ ಮುಗಿಯಿತು. ಬೆಳ್ತಂಗಡಿಯಿಂದ ಯಾರು ಬಂದರೂ ಅವಳು ಸೀರೆಯ ವಿಷಯ ಕೇಳುತ್ತಿರಲಿಲ್ಲ. ಅವರೇ ಹೇಳುತ್ತಾರೇನೋ ಎಂದು ಬಾಗಿಲಲ್ಲಿ ನಿಂತಿರುತ್ತಿದ್ದಳು. ತನ್ನ ಕೈಯಲ್ಲಿದ್ದದ್ದು ಇನ್ನೊಂದು ಕೈಗೆ ಹೋಯಿತೋ ಇಲ್ಲವೋ ಎಂಬುದು ಅವಳಿಗೆ ತಿಳಿಯಬೇಕಿತ್ತು.

ಎರಡು ತಿಂಗಳ ಮೇಲೆ ಜಮೀಲಾ ತವರಿಗೆ ಬಂದಳು, ಒಗೆದ ಆ ಸೀರೆಯನ್ನೇ ಉಟ್ಟು. ಚಿಕ್ಕಮ್ಮ ಸೆರಗನ್ನು ಬೆಳಕಿಗೆ ಹಿಡಿದಳು. ಬಣ್ಣ ಎಲ್ಲೂ ಬಿಟ್ಟಿರಲಿಲ್ಲ. ಒಂದೆರಡು ಕಡೆ ಗೆರೆ ಮೀರಿತ್ತು; ಅದನ್ನು ಮಾತ್ರ ತೋರಿಸಿದಳು. ಆಮೇಲೆ ಬಾಟಲಿಗಳ ಪೆಟ್ಟಿಗೆ ತರಲು ನನಗೆ ಹೇಳಿ, ಅದನ್ನು ಜಮೀಲಾಳ ಮಡಿಲಲ್ಲಿಟ್ಟಳು.

ಚಿಕ್ಕಮ್ಮ ತೀರಿಕೊಂಡು ಬಹಳ ವರ್ಷವಾಯಿತು. ಅಚ್ಚಿನ ಹೂಗಳ ಚಾದರಗಳು ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ಆದರೆ ಅವಳಿದ್ದಾಗಲೇ, ಜಮೀಲಾಳ ಹತ್ತಿರ ಐದು ಹುಡುಗಿಯರು ಕಲಿಯುತ್ತಿದ್ದಾರೆಂಬ ಸುದ್ದಿ ಬಂದ ಸಂಜೆ ನನಗೆ ನೆನಪಿದೆ. ಅಂದು ಚಿಕ್ಕಮ್ಮ ಎಲ್ಲರೆದುರು, ಆ ನಡುಗುವ ಕೈಯಿಂದಲೇ ಚಹಾದ ಲೋಟ ಎತ್ತಿದಳು. ಸ್ವಲ್ಪ ಚೆಲ್ಲಿತು. ಉಳಿದದ್ದನ್ನು ನಿಧಾನವಾಗಿ ಕುಡಿದಳು.