ಕೂತಲ್ಲೇ ಒಂಬತ್ತು ಸಾವಿರ ಹೆಜ್ಜೆ

ನಮ್ಮ ಅವ್ವನನ್ನು ಕೂತ ಜಾಗದಿಂದ ಏಳಿಸದೆ ದಿನಕ್ಕೆ ಒಂಬತ್ತು ಸಾವಿರ ಹೆಜ್ಜೆ ನಡೆಸಿದವನು ನಾನು. ಇದನ್ನು ಸಾಧನೆ ಅಂತ ಹೇಳಿಕೊಳ್ಳುತ್ತಿಲ್ಲ, ತಪ್ಪೊಪ್ಪಿಗೆ ಅಂತಲೇ ಬರೆಯುತ್ತಿದ್ದೇನೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಇಷ್ಟೆಲ್ಲ ನಡೆದರೂ ಅವಳ ತೂಕ ಇಳಿಯಲಿಲ್ಲವೆಂದು, ಡಾಕ್ಟರ ತೂಕದ ಮಷಿನ್ನೇ ಸುಳ್ಳು ಹೇಳುತ್ತಿದೆ ಅಂತ ಸಾಧಿಸಲು ಸ್ಕ್ರೂಡ್ರೈವರ್ ಹಿಡಿದು ಅವರ ದವಾಖಾನೆಗೂ ನುಗ್ಗಿದ್ದೆ. ಇದೆಲ್ಲ ಆಗಿ ಎರಡು ವರ್ಷವಾಯಿತು. ಆಗ ನನಗೆ ಇಪ್ಪತ್ಮೂರು. ಈಗ ಬುದ್ಧಿ ಬಂದಿದೆ ಎಂದು ಮನೆಯಲ್ಲಿ ಇನ್ನೂ ಯಾರೂ ಹೇಳಿಲ್ಲ.

ಅಪ್ಪನದು ಎಣ್ಣೆ ಕಂಪನಿಯಲ್ಲಿ ನೌಕರಿ. ಧಾರವಾಡದಿಂದ ಹೊರಟವರು ಊರೂರು ವರ್ಗವಾಗಿ ಅಹಮದಾಬಾದಿನ ಚಾಂದ್‌ಖೇಡಾದ ಸ್ಟಾಫ್ ಕಾಲೊನಿಗೆ ಬಂದು ಒಂಬತ್ತು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ನಾನು ಜಗಳ ಆಡುವಷ್ಟು ಗುಜರಾತಿ ಕಲಿತಿದ್ದೆ, ಅಪ್ಪ ತರಕಾರಿ ಕೊಳ್ಳುವಷ್ಟು. ಅವ್ವ ಕಲಿತದ್ದು ಒಂದೇ ಶಬ್ದ: 'ಚಾಲ್ಶೆ'. ನಡೆಯುತ್ತದೆ, ಪರವಾಗಿಲ್ಲ, ಹಾಗೇ ಆಗಲಿ ಎಂಬುದಕ್ಕೆಲ್ಲ ಇಲ್ಲಿ ಅದೇ ಮಾತು. ಹಾಲಿನವನು ತಡವಾಗಿ ಬಂದರೆ ಚಾಲ್ಶೆ. ಪಕ್ಕದ ಮನೆಯ ಬೆನ್ (ಹೆಂಗಸರನ್ನೆಲ್ಲ ಇಲ್ಲಿ ಕರೆಯುವುದೇ ಹಾಗೆ, ಅಕ್ಕ ಅಂತ) ಸಕ್ಕರೆ ಹಾಕಿದ ದಾಲ್ ಕಳಿಸಿದರೂ ಚಾಲ್ಶೆ. ಆ ಒಂದು ಶಬ್ದದ ಮೇಲೆ ಅವಳು ಒಂಬತ್ತು ವರ್ಷ ಸಂಸಾರ ತೂಗಿಸಿದ್ದಳು. ಉಳಿದಂತೆ ಗುಜರಾತಿನಲ್ಲಿ ಅವಳಿಗೆ ಮನಸಾರೆ ಒಪ್ಪಿಗೆಯಾದದ್ದು ವರಾಂಡದ ಹಿಂಚ್ಕೊ, ಅಂದರೆ ಇಲ್ಲಿಯ ಮನೆಮನೆಯಲ್ಲೂ ಇರುವ ದೊಡ್ಡ ಉಯ್ಯಾಲೆ. ಸೊಪ್ಪು ಸೋಸುವುದು, ಪತ್ರ ಓದುವುದು, ನನ್ನನ್ನು ಬೈಯುವುದು, ಎಲ್ಲವನ್ನೂ ಅವಳು ಅದರ ಮೇಲೆ ಕೂತೇ ಮಾಡುತ್ತಿದ್ದಳು.

ಆ ಬೇಸಿಗೆಯಲ್ಲಿ ಅವಳ ಬಲಪಕ್ಕೆಯ ಕೆಳಗೆ ನೋವು ಶುರುವಾಯಿತು. ಊಟವಾದ ಸ್ವಲ್ಪ ಹೊತ್ತಿಗೆ ಸುಮ್ಮನೆ ಎದ್ದು ಅಡಿಗೆಮನೆಗೆ ಹೋಗಿ ಕಟ್ಟೆ ಹಿಡಿದು ನಿಲ್ಲುತ್ತಿದ್ದಳು. ಏನಾಯಿತವ್ವಾ ಎಂದರೆ, "ಏನಿಲ್ಲೋ, ಸಾಸಿವಿ ಡಬ್ಬಿ ಹುಡುಕ್ಲಿಕ್ಕತ್ತೀನಿ" ಅನ್ನುತ್ತಿದ್ದಳು. ಸಾಸಿವೆ ಡಬ್ಬಿ ಅವಳ ಕಣ್ಣೆದುರಿಗೇ ಇರುತ್ತಿತ್ತು.

ಪಿತ್ತಕೋಶದಲ್ಲಿ ಕಲ್ಲು ಎಂದರು ಡಾಕ್ಟರು. ಆಪರೇಶನ್ ಆಗಲೇಬೇಕು. ಆದರೆ ಅವ್ವನ ತೂಕವೂ ಹೆಚ್ಚು, ಬಿಪಿಯೂ ಹೆಚ್ಚು. ಈ ಸ್ಥಿತಿಯಲ್ಲಿ ಮತ್ತು ಬರಿಸುವುದು ಅಪಾಯ. ಮೂರು ತಿಂಗಳಲ್ಲಿ ನಾಲ್ಕು ಕಿಲೋ ಇಳಿಸಿ ತನ್ನಿ, ಅಷ್ಟರೊಳಗೆ ಕಲ್ಲು ಎಲ್ಲಾದರೂ ಹೋಗಿ ಸಿಕ್ಕಿಕೊಳ್ಳದಿರಲಿ ಎಂದು ದೇವರನ್ನು ಬೇಡಿಕೊಳ್ಳಿ ಎಂದರು. ಕೊನೆಗೆ ಅವ್ವನ ಕಡೆ ತಿರುಗಿ ನಿಧಾನವಾಗಿ, "ಮಾಸಿ, ಚಾಲ್ವು ಪಡ್ಶೆ" ಎಂದರು. ಚಿಕ್ಕಮ್ಮಾ, ನಡೆಯಲೇಬೇಕು ಎಂದು ಅದರ ಅರ್ಥ.

ಅವ್ವನ ಮುಖ ಅರಳಿತು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ, "ಚಲೋ ಡಾಕ್ಟರ ನೋಡು. ಹಿಂಗಽ ಇದ್ರೂ ನಡೀತದ ಅಂದ್ರು" ಎಂದಳು.

"ನಡೀತದ ಅಲ್ಲವ್ವಾ, ನಡೀಬೇಕು ಅಂದ್ರು! ನೀ ನಡೀಬೇಕು, ಕಾಲಿಲೆ!"

"ನಂಗ ಚಾಲ್ಶೆ ಅಂತ ಕೇಳಿಸ್ತಪಾ."

"ನಿಂಗ ಬೇಕಾದ್ದಷ್ಟಽ ಕೇಳಸ್ತದ," ಎಂದು ಅಪ್ಪ ನಕ್ಕರು. ನಗುತ್ತಲೇ ಅವಳ ಚೀಲ ತಮ್ಮ ಕೈಗೆ ತೆಗೆದುಕೊಂಡರು.

ಈಗ ನನ್ನ ಪಾತ್ರ. ನಾನಾಗ ಬಡೋದಾದ ಅಲ್ಕಾಪುರಿಯ ಒಂದು ಸಣ್ಣ ಆಫೀಸಿನಲ್ಲಿ ತೂಕದ ಮಷಿನ್ ರಿಪೇರಿ ಮಾಡುವವನು. ಅಲ್ಲೇ ಒಂದು ರೂಮು, ಶನಿವಾರಕ್ಕೊಮ್ಮೆ ಮನೆ. ತಿಂಗಳಿಗೆ ಎರಡು ಸಲ ಸೂರತ್ತಿನ ಕತಾರ್‌ಗಾಮ್‌ಗೆ ಹೋಗಿ ವಜ್ರದ ಕಾರ್ಖಾನೆಗಳ ಪುಟ್ಟ ತಕ್ಕಡಿಗಳನ್ನು ಸರಿಮಾಡಬೇಕು. ಫ್ಯಾನ್ ಹಾಕಿದರೆ ತೂಕ ಬದಲಾಗುವಂಥ ಮಷಿನ್‌ಗಳು ಅವು. ಅವುಗಳ ಮುಂದೆ ಕೂತು ಕೂತು ನನಗೊಂದು ಅಹಂಕಾರ ಬಂದಿತ್ತು: ಮಷಿನ್ ತೋರಿಸಿದ್ದೇ ಸತ್ಯ, ಮಷಿನ್ ತಪ್ಪಿದರೆ ನಾನು ಹೇಳಿದ್ದೇ ಸತ್ಯ.

ಕತಾರ್‌ಗಾಮ್‌ನ ಒಬ್ಬ ಸೇಠ್ ಜಪಾನಿಗೆ ಹೋಗಿ ಬಂದಿದ್ದರು. ಅವರ ಮೇಜಿನ ಮೇಲೆ ಬೆಂಕಿಪೆಟ್ಟಿಗೆಯಷ್ಟಿದ್ದ ಒಂದು ಡಬ್ಬಿ ಕಂಡೆ. ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದರೆ ಎಷ್ಟು ಹೆಜ್ಜೆ ಎಂದು ತಾನೇ ಎಣಿಸುತ್ತದಂತೆ. ಒಳಗೆ ಒಂದು ಸಣ್ಣ ಲೋಲಕ, ಪ್ರತಿ ಕುಲುಕಿಗೂ ಟಿಕ್ ಅನ್ನುತ್ತದೆ, ಕಿಟಕಿಯಲ್ಲಿ ಅಂಕಿ ಒಂದು ಮುಂದೆ ಹೋಗುತ್ತದೆ. ನಾನು ಅದನ್ನು ಎಷ್ಟು ಆಸೆಯಿಂದ ನೋಡಿದೆನೆಂದರೆ ಸೇಠ್, "ಲೈ ಜಾ ಭಾಯ್, ನನಗೆ ನಡೆಯೋಕೆ ಟೈಮೆಲ್ಲಿದೆ" ಎಂದು ಕೈಗೇ ಕೊಟ್ಟುಬಿಟ್ಟರು. ಆ ವಾಕ್ಯವನ್ನು ಎಚ್ಚರಿಕೆ ಎಂದು ತಿಳಿದುಕೊಳ್ಳಬೇಕಿತ್ತು. ನಾನು ಕುಣಿಯುತ್ತಾ ರೈಲು ಹತ್ತಿದೆ.

ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದನ್ನ ಕಟಗೊಂಡ್ರ ತೂಕ ಇಳೀತದ?"

"ಕಟಗೊಂಡು ಅಡ್ಡಾಡಿದ್ರ ಇಳೀತದ. ದಿನಾ ಎಷ್ಟಾತು ಅಂತ ನಾ ಮುಂಜಾನೆ ಫೋನ್ ಮಾಡಿ ಕೇಳ್ತೀನಿ. ಒಂಬತ್ತ ಸಾವಿರ ಆಗಬೇಕು."

"ಒಂಬತ್ತ ಸಾವಿರ? ನಾ ಏನು ನಡಕೋತ ಧಾರವಾಡಕ್ಕ ಹೋಗ್ಲೇನು?"

ಸೀರೆ ಉಡುವವರಿಗೆ ಬೆಲ್ಟ್ ಎಲ್ಲಿಂದ ಬರಬೇಕು? ಕೊನೆಗೆ ಸೊಂಟದ ಬೀಗದಕೈ ಗೊಂಚಲಿನ ಪಕ್ಕ ಅದನ್ನು ಸಿಕ್ಕಿಸಿಕೊಂಡಳು. ನನ್ನ ಕೆಲಸ ಮುಗಿಯಿತು ಎಂದು ನಾನು ಬಡೋದಾಕ್ಕೆ ಹೊರಟೆ. ಅವ್ವನ ಜೊತೆ ಒಂದು ಹೆಜ್ಜೆಯೂ ನಡೆಯದೆ ಹೊರಟೆ ಎಂಬುದನ್ನು ಇಲ್ಲೇ ದಾಖಲಿಸಿಬಿಡುತ್ತೇನೆ.

ಮೊದಲ ದಿನದ ಫೋನಿನಲ್ಲಿ ಅವ್ವ ಸಾವಿರದ ಚಿಲ್ಲರೆ ಎಂದಳು. ನಾನು "ಇಷ್ಟಽ ಏನವ್ವಾ?" ಎಂದೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ನಾಲ್ಕು ಸಾವಿರ. ಎರಡನೇ ವಾರಕ್ಕೆ ಏಳು. ಆಮೇಲೆ ಒಂಬತ್ತು ಸಾವಿರ ದಾಟಿದ ದಿನ ನಾನು ಎಸ್‌ಟಿಡಿ ಬೂತಿನ ಗಾಜಿನ ಪೆಟ್ಟಿಗೆಯೊಳಗೇ ಜಿಗಿದು ತಲೆ ಬಡಿಸಿಕೊಂಡೆ. ಬೂತಿನ ಕಾಕಾನಿಗೂ ಈ ಲೆಕ್ಕದ ಹುಚ್ಚು ಹತ್ತಿತ್ತು. ನಾನು ರಿಸೀವರ್ ಇಡುವ ಮೊದಲೇ, "ಬಾ ಕೇಟ್ಲು ಚಾಲ್ಯಾ?" ಎಂದು ಕೇಳುತ್ತಿದ್ದ. ಅಮ್ಮ ಎಷ್ಟು ನಡೆದರು ಎಂದು. ನಾನು ಅಂಕಿ ಹೇಳಿದರೆ ಸಾಲಿನಲ್ಲಿ ನಿಂತವರೆಲ್ಲ ತಲೆದೂಗುತ್ತಿದ್ದರು. ಆ ದಿನಗಳಲ್ಲಿ ಅಲ್ಕಾಪುರಿಯಲ್ಲಿ ನಮ್ಮವ್ವನಷ್ಟು ಪ್ರಸಿದ್ಧರಾದ ಕನ್ನಡಿಗರು ಬೇರೆ ಯಾರೂ ಇರಲಿಲ್ಲ.

ಶನಿವಾರ ಮನೆಗೆ ಹೋದಾಗ ನಾನು ಮಾಡುತ್ತಿದ್ದ ತನಿಖೆ ಎಂದರೆ ಡಬ್ಬಿಯ ಅಂಕಿ ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ಗ್ರಾಫ್ ಬರೆದು, ಹೊಟ್ಟೆತುಂಬ ಉಂಡು ಮಲಗುವುದು.

ಆರು ವಾರದ ಮೇಲೆ ಅಪ್ಪ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮರುದಿನ ಫೋನಿನಲ್ಲಿ ಅಪ್ಪನ ದನಿ ಸಣ್ಣಗಾಗಿತ್ತು. "ಒಂದ ಕಿಲೋ ಹೆಚ್ಚಾಗೇದ. ಡಾಕ್ಟರ ಸಿಟ್ಟಿಗೆದ್ದಾರ. ಹಿಂಗಾದ್ರ ತಾವು ಕೈ ಹಚ್ಚೂದಿಲ್ಲ ಅಂದ್ರು. ಹ್ವಾದ ಮಂಗಳವಾರ ಅಕಿಗೆ ಭಾಳ ತ್ರಾಸಾಗಿತ್ತು, ನಿಂಗ ಹೇಳಬ್ಯಾಡ ಅಂದಿದ್ಲು."

ನನ್ನ ಜಾಗದಲ್ಲಿ ಬೇರೆ ಯಾರಾದರೂ ಅವ್ವನ ಬಗ್ಗೆ ಯೋಚಿಸುತ್ತಿದ್ದರು. ನಾನು ಮಷಿನ್ ಬಗ್ಗೆ ಯೋಚಿಸಿದೆ. ದಿನಕ್ಕೆ ಒಂಬತ್ತು ಸಾವಿರ ಹೆಜ್ಜೆ ನಡೆದವರ ತೂಕ ಏರುವುದು ಸಾಧ್ಯವೇ ಇಲ್ಲ. ಅಂದಮೇಲೆ ಡಾಕ್ಟರ ಮಷಿನ್ ಕೆಟ್ಟಿದೆ! ರಜೆ ಹಾಕಿ, ಹೆಗಲಚೀಲದಲ್ಲಿ ಸ್ಕ್ರೂಡ್ರೈವರ್, ಐದೈದು ಕಿಲೋದ ನಾಲ್ಕು ತೂಕದ ಬಟ್ಟು ಹೊತ್ತು ರೈಲು ಹತ್ತಿದೆ. ಇಪ್ಪತ್ತು ಕಿಲೋ ಕಬ್ಬಿಣ ಹೊತ್ತು ದವಾಖಾನೆಯ ಮೆಟ್ಟಿಲು ಹತ್ತುವಾಗ ನನ್ನ ಉಸಿರು ನೋಡಿ ಕಾಂಪೌಂಡರ ನನ್ನನ್ನೇ ಮೊದಲು ಒಳಗೆ ಬಿಟ್ಟ.

"ಸಾಹೇಬ್, ನಿಮ್ಮ ಮಷಿನ್ ಸುಳ್ಳು ಹೇಳ್ತಿದೆ," ಎಂದು ಗುಜರಾತಿಯಲ್ಲಿ ಗುಡುಗಿದೆ. ಅವರು ಬಾಯಿ ತೆರೆಯುವಷ್ಟರಲ್ಲಿ ಮಷಿನ್ನಿನ ಹೊಟ್ಟೆ ಬಿಚ್ಚಿಯಾಗಿತ್ತು. ಸ್ಪ್ರಿಂಗ್ ಸರಿ. ಮುಳ್ಳು ಸರಿ. ಬಟ್ಟು ಇಟ್ಟೆ, ಇಪ್ಪತ್ತಕ್ಕೆ ಇಪ್ಪತ್ತು ತೋರಿಸಿತು. ಬಾಗಿಲಲ್ಲಿ ಹತ್ತು ಜನ ರೋಗಿಗಳು ತಮ್ಮ ರೋಗ ಮರೆತು ನಿಂತಿದ್ದರು. ಕೊನೆಯ ಅಸ್ತ್ರವೆಂದು ನಾನೇ ಹತ್ತಿ ನಿಂತೆ. ಮುಳ್ಳು ಎಂಬತ್ತೆಂಟಕ್ಕೆ ಹೋಗಿ ನಿಂತಿತು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಮಷಿನ್ ಸರಿ ಇದೆ ಅಲ್ವಾ ದೀಕ್ರಾ?" ಎಂದರು. ಮಗನೇ ಅಂತ ಕರೆದ ರೀತಿಗೆ ನನಗೆ ಅಲ್ಲೇ ಇಂಗಿಹೋಗಬೇಕೆನಿಸಿತು. "ಈಗ ಮನೆಗೆ ಹೋಗಿ, ನಿನ್ನ ತಾಯಿಯನ್ನ ನೋಡು. ಅವರ ಸೊಂಟದ ಡಬ್ಬೀನಲ್ಲ, ಅವರನ್ನ."

ಮನೆಗೆ ಬಂದಾಗ ನಾಲ್ಕು ಗಂಟೆ. ಗೇಟಿನಲ್ಲೇ ನಿಂತೆ. ಅವ್ವ ಮತ್ತು ಪಕ್ಕದ ಮನೆಯ ಬೆನ್ ಹಿಂಚ್ಕೊ ಮೇಲೆ ಕೂತು ಮೆಂತ್ಯ ಸೋಸುತ್ತಿದ್ದರು. ಮಾತಿಲ್ಲ, ಇಬ್ಬರಿಗೂ ಬರುವ ಭಾಷೆ ಒಂದಿರಲಿಲ್ಲ. ಅವ್ವ ಕಾಲಿನಿಂದ ನೆಲ ಒದೆಯುತ್ತಿದ್ದಳು. ಉಯ್ಯಾಲೆಯ ಕೊಂಡಿ ಸವೆದಿತ್ತು, ಪ್ರತಿ ಸಲ ಹಿಂದೆ ಬರುವಾಗ ಗಡಕ್ ಎಂದು ಕುಲುಕುತ್ತಿತ್ತು. ಗಡಕ್ ಎಂದ ಕೂಡಲೇ ಅವ್ವನ ಸೊಂಟದಿಂದ, ಟಿಕ್.

ಗಡಕ್, ಟಿಕ್. ಗಡಕ್, ಟಿಕ್. ನಮ್ಮವ್ವ ಮೆಂತ್ಯ ಸೋಸುತ್ತಾ ಮ್ಯಾರಥಾನ್ ಓಡುತ್ತಿದ್ದಳು.

ಬೆನ್ ನನ್ನ ಮುಖ ನೋಡಿ ಮೆಲ್ಲಗೆ ಜಾಗ ಖಾಲಿಮಾಡಿದರು. ನಾನು ಡಬ್ಬಿ ಇಸಿದುಕೊಂಡು ಅದೇ ಜಾಗದಲ್ಲಿ ಕೂತು ತೂಗಿದೆ. ಐದು ನಿಮಿಷದಲ್ಲಿ ಸಾಬರಮತಿ ದಾಟಿದಷ್ಟು ಅಂಕಿ ಬಂತು.

"ಅವ್ವಾ, ನಿಂಗ ಇದು ಗೊತ್ತಿತ್ತೇನು?"

"ಮೊದಲ್ನೇ ವಾರದಾಗಽ ಗೊತ್ತಾತು."

"ಮತ್ತ ಹೇಳಬಾರದ?"

ಅವಳು ಮೆಂತ್ಯದ ಕಡ್ಡಿಗಳನ್ನು ಒಟ್ಟುಮಾಡಿದಳು. "ಮೊದಲ್ನೇ ದಿನ ಖರೇನ ಅಡ್ಡಾಡಿದ್ದೆ ತಮ್ಮಾ. ನೀರಿನ ಟಾಕಿ ತನಕ ಹೋಗಿ ಬಂದೆ, ನಡುವ ಎರಡ ಸಲ ಕೂತೆ. ನೀ ಫೋನಿನಾಗ 'ಇಷ್ಟಽ ಏನು' ಅಂದಿ. ಆಮ್ಯಾಲೆ ನಾಕ ಸಾವಿರ ಅಂದೆ ನೋಡು, ಎಷ್ಟ ಖುಷಿಯಾದಿ! ಅಷ್ಟ ದೂರ ಇರ್ತಿ, ಮುಂಜಾನೆದ್ದು ಒಂದ ಮಾತ ಆಡ್ತಿ. ಅದನ್ನೂ ಯಾಕ ಕೆಡಸಬೇಕು ಅನಿಸ್ತು."

"ಹಂಗಂತ ಅಡ್ಡಾಡೂದಽ ಬಿಡೂದೇನು? ಆಪರೇಶನ್ ಆಗಬ್ಯಾಡೇನವ್ವಾ ನಿಂಗ?"

"ಅಂಜಿಕಿ ಬರ್ತದೋ. ಹಾದ್ಯಾಗ ನೋವು ಬಂದು ಕೂತೆ ಅಂದ್ರ ಯಾರಿಗೆ ಏನಂತ ಹೇಳ್ಲಿ? ಏನಾತು ಅಂತ ಕೇಳಿದ್ರ, ಚಾಲ್ಶೆ ಅನ್ಲೇನು?"

ನಡುದಾರಿಯಲ್ಲಿ ಪಕ್ಕೆ ಹಿಡಿದು ಕೂತ ಅವ್ವ, ಸುತ್ತ ನಿಂತವರಿಗೆಲ್ಲ ಪರವಾಗಿಲ್ಲ, ಪರವಾಗಿಲ್ಲ ಎನ್ನುತ್ತಿರುವುದು ಕಣ್ಣಿಗೆ ಕಟ್ಟಿತು. ಅಡಿಗೆಮನೆಗೆ ಹೋಗಿ ನೀರು ಕುಡಿಯುವ ನೆಪದಲ್ಲಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಬಡೋದಾದ ರೂಮು ಬಿಟ್ಟೆ. ಗುಜರಾತಿನ ಅರ್ಧ ಜನ ಮಾಡುವ ಹಾಗೆ ರೈಲಿನಲ್ಲಿ ದಿನಾ ಅಪ್-ಡೌನ್ ಶುರುಮಾಡಿದೆ. ಬೆಳಿಗ್ಗೆ ಐದಕ್ಕೆ ಎದ್ದು ಅವ್ವನ ಜೊತೆ ನಡೆಯುವುದು, ಆಮೇಲೆ ರೈಲು. ಸೊಂಟದಲ್ಲಿ ಡಬ್ಬಿ ಇಲ್ಲ, ಎಣಿಕೆ ಇಲ್ಲ. ಮೊದಲ ದಿನ ಟಾಕಿಯ ಹತ್ತಿರ ಒಬ್ಬರು ಏದುಸಿರು ಬಿಟ್ಟು ಮೋರಿಯ ಕಟ್ಟೆ ಮೇಲೆ ಕುಸಿದರು. ಅದು ನಾನು. ಅವ್ವ ಸೆರಗಿನಿಂದ ಗಾಳಿ ಹಾಕಿದಳು. "ಏಳೋ ಹುಚ್ಚಪ್ಯಾಲಿ, ಯಾರರ ನೋಡಿದ್ರ ನಿನ್ನಽ ಆಪರೇಶನ್ ಅಂದಾರು."

ಎರಡನೇ ವಾರಕ್ಕೆ ಕಾಲೊನಿಯ ಹಿಂದಿನ ಗೇಟು, ನಾಲ್ಕನೆಯದಕ್ಕೆ ಹೈವೇ ತಿರುವು. ನಡೆಯುತ್ತಾ ಅವ್ವ ಮಾತಾಡುತ್ತಿದ್ದಳು. ಒಂಬತ್ತು ವರ್ಷ ಆ ಒಂದು ಶಬ್ದದ ಹಿಂದೆ ಕೂಡಿಟ್ಟ ಮಾತುಗಳೆಲ್ಲ ಹೊರಬಂದವೇನೋ. ಶಾಲೆಯಲ್ಲಿ ಖೋಖೋ ಆಡುತ್ತಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ. ಎರಡು ಸಲ ನಡುದಾರಿಯಲ್ಲಿ ನೋವು ಬಂತು. ನನ್ನ ತೋಳು ಹಿಡಿದು ನಿಂತಳು, ಸಾಸಿವೆ ಡಬ್ಬಿಯ ಸುದ್ದಿ ಎತ್ತಲಿಲ್ಲ. "ಬಂತು ನೋಡು," ಎಂದಳು ಅಷ್ಟೆ. ನಾನು ಲೋಕದ ಅತ್ಯಂತ ಕೆಟ್ಟ ಜೋಕುಗಳನ್ನು ಹೇಳುತ್ತಾ ಅದು ಹೋಗುವವರೆಗೆ ನಿಂತೆ.

ಮೂರು ತಿಂಗಳು ತುಂಬಿದ ದಿನ ಡಾಕ್ಟರು ಮೊದಲು ನನ್ನ ಚೀಲ ಇಸಿದುಕೊಂಡು ಕಾಂಪೌಂಡರನ ಕೈಗೆ ಕೊಟ್ಟರು. ಆಮೇಲೆ ಅವ್ವನನ್ನು ಮಷಿನ್ ಹತ್ತಿಸಿದರು. ನಾಲ್ಕು ಕಿಲೋ ಅಂದಿದ್ದರು, ಇಳಿದದ್ದು ಮೂರೂವರೆ. ಅವರು ಬಿಪಿ ನೋಡಿದರು, ಮತ್ತೊಮ್ಮೆ ನೋಡಿದರು. ಬಹಳ ಚೆನ್ನಾಗಿ ಇಳಿದಿದೆ, ಮುಂದಿನ ವಾರ ಅಡ್ಮಿಟ್ ಮಾಡಿ ಎಂದರು. ಅಪ್ಪ ಗೋಡೆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ನನ್ನ ತೂಕ ಎಷ್ಟಾಯಿತೆಂದು ಯಾರೂ ಕೇಳಲಿಲ್ಲ, ನಾನೂ ಹೇಳುವುದಿಲ್ಲ.

ಆಪರೇಶನ್ ಸುಸೂತ್ರವಾಯಿತು. ಮರುದಿನ ಮಧ್ಯಾಹ್ನ ನಾನು ಹಾಸಿಗೆಯ ಪಕ್ಕ ಕೂತು ಚಮಚದಲ್ಲಿ ನೀರು ಕುಡಿಸುತ್ತಿದ್ದೆ, ಅರ್ಧ ದಿಂಬಿಗೆ ಅರ್ಧ ಅವ್ವನಿಗೆ. ಅವಳು ಕಣ್ಣು ಮುಚ್ಚಿಕೊಂಡೇ ನನ್ನ ಮಣಿಕಟ್ಟು ಹಿಡಿದಳು.

"ಒಂದ ಮಾತು. ಡಾಕ್ಟರಿಗೆ ಹೇಳಬ್ಯಾಡ," ಎಂದಳು. "ನಂಗ ಅಡ್ಡಾಡೂದು ಇವತ್ತಿಗೂ ಸೇರೂದಿಲ್ಲ. ನೀ ದಿನಾ ಮನೀಗೆ ಬರ್ತಿದ್ಯಲ್ಲ, ಅದಕ್ಕ ನಡದೆ. ಇನ್ನ ಆಪರೇಶನ್ ಮುಗೀತು ಅಂತ ಹೋಗಿ ಬಡೋದಾದಾಗಽ ಕೂತ್ಯೋ, ನೋಡು, ಹದಿನೈದ ದಿನದಾಗ ಎಲ್ಲಾ ಕಿಲೋ ವಾಪಸ್ ತಂದ ಇಡ್ತೀನಿ."