ದಾರಿಯಕ್ಕನ ತಮ್ಮ

ಆ ವಿಶ್ವವಿದ್ಯಾಲಯಕ್ಕೆ ಮೊದಲ ಸಲ ಕಾಲಿಟ್ಟವರು ಯಾರೇ ಆಗಲಿ, ತಲೆ ಗಿರ್ರೆಂದು ತಿರುಗಿ ನಿಂತುಬಿಡುತ್ತಿದ್ದರು. ಊರ ನಡುವೆ ಇನ್ನೊಂದು ಊರು ಅದು. ಒಳಗೇ ಬಸ್ಸು, ಒಳಗೇ ಆಸ್ಪತ್ರೆ, ಒಳಗೇ ಅಂಚೆ ಕಚೇರಿ. ಒಂದು ಕಟ್ಟಡದ ಎರಡನೇ ಮಹಡಿಯಿಂದ ಹೊರಟ ಸೇತುವೆ ಪಕ್ಕದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಇಳಿಸುತ್ತಿತ್ತು. ಅದನ್ನು ಯಾವ ಪುಣ್ಯಾತ್ಮ ಕಟ್ಟಿಸಿದನೋ, ಅದರ ಮೇಲೆ ದಾರಿ ತಪ್ಪದವರಿಲ್ಲ. ತಪ್ಪಿದವರೆಲ್ಲ ಸುತ್ತಿ ಸುತ್ತಿ ಕೊನೆಗೆ ಬಂದು ಸೇರುತ್ತಿದ್ದುದು ಗ್ರಂಥಾಲಯದ ನೆಲಮಹಡಿಯ ಸಹಾಯ ಕೌಂಟರಿಗೆ. ಅಲ್ಲಿ ದಾರಿಯಕ್ಕ ಕೂತಿರುತ್ತಿದ್ದಳು.

ಅಪ್ಪ ಅಮ್ಮ ಇಟ್ಟ ಹೆಸರು ಕೌಂಟರಿನ ಗಾಜಿನ ಮೇಲೆ ಅಂಟಿಸಿತ್ತು, ನಿಜ. ಓದುವವರು ಯಾರು? ಎಂ.ಎ. ಹುಡುಗಿಯರಿಂದ ಹಿಡಿದು ತಲೆ ನರೆತ ಸಂಶೋಧಕರವರೆಗೆ ಎಲ್ಲರ ಬಾಯಲ್ಲೂ ಅವಳು ದಾರಿಯಕ್ಕ. ಆ ಆವರಣದಲ್ಲಿ ಯಾರಿಗೆ ಏನು ಸಿಗುತ್ತದೆ, ಎಲ್ಲಿ ಸಿಗುತ್ತದೆ ಎಂಬುದು ಅವಳ ನಾಲಿಗೆಯ ತುದಿಯಲ್ಲಿತ್ತು. ಪ್ರಬಂಧ ಬರೆಯಲು ಕೂತರೆ ಕೈ ಓಡದವರನ್ನು ಬರವಣಿಗೆ ಕೇಂದ್ರಕ್ಕೆ ಅಟ್ಟುತ್ತಿದ್ದಳು. ಲೆಕ್ಕಾಚಾರದಲ್ಲಿ ಸಿಕ್ಕಿಬಿದ್ದವರಿಗೆ ಸಂಖ್ಯಾಶಾಸ್ತ್ರದವರು ಮಧ್ಯಾಹ್ನ ಪುಕ್ಕಟೆ ಸಲಹೆ ಕೊಡುತ್ತಾರೆಂದು ಹೇಳುತ್ತಿದ್ದಳು. ಪರವೂರಿನ ವಿಚಾರ ಸಂಕಿರಣಕ್ಕೆ ಹೋಗಲು ಪ್ರಯಾಣ ಸಹಾಯ, ಕೈಗೂಸು ಇರುವ ವಿದ್ಯಾರ್ಥಿನಿಯರಿಗೆ ಶಿಶುವಿಹಾರ, ಬೆನ್ನುನೋವಿನವರಿಗೆ ಎರವಲು ಕೊಡುವ ಕುರ್ಚಿ, ಎಲ್ಲ ಗೊತ್ತು. ರಾತ್ರಿ ನಿದ್ದೆ ಬರುವುದಿಲ್ಲ ಎಂದು ಕಣ್ಣು ಕೆಂಪು ಮಾಡಿಕೊಂಡು ಬಂದವರನ್ನು ಮಾತ್ರ ಮೊದಲು ಕೂರಿಸಿ, ನೀರು ಕೊಟ್ಟು, ಆಮೇಲೆ ಆಪ್ತಸಲಹೆಯ ಕೋಣೆಗೆ ತಾನೇ ಬಿಟ್ಟು ಬರುತ್ತಿದ್ದಳು.

ಆ ಕೌಂಟರಿಗೊಂದು ಕಟ್ಟುಪಾಡಿತ್ತು. ಅಲ್ಲಿ ಕೂತವರು ಯಾರಿಗೂ ‘ಇಲ್ಲ’ ಎನ್ನಬಾರದು. ತಮ್ಮಿಂದ ಆಗದಿದ್ದರೆ ಆಗಬಹುದಾದ ಇನ್ನೊಂದು ಬಾಗಿಲು ತೋರಿಸಬೇಕು. ಬೇರೆಯವರು ಅದನ್ನು ನೌಕರಿಯ ನಿಯಮ ಎಂದು ಪಾಲಿಸುತ್ತಿದ್ದರು. ದಾರಿಯಕ್ಕ ಮಾತ್ರ ನಂಬಿಬಿಟ್ಟಿದ್ದಳು ನೋಡಿ, ಅದೇ ಬಂದ ಪೇಚು. ಇಷ್ಟು ದೊಡ್ಡ ಜಾಗದಲ್ಲಿ ಒಬ್ಬ ವಿದ್ಯಾರ್ಥಿಗೆ ಒಂದೂ ಬಾಗಿಲು ಇಲ್ಲದಿರುವುದು ಸಾಧ್ಯವೇ ಇಲ್ಲ ಎಂದು ಅವಳ ಲೆಕ್ಕ.

ಅವಳ ತಮ್ಮನೂ ಅಲ್ಲೇ ಸಂಶೋಧನೆಗೆ ಸೇರಿದ. ಅಪ್ಪ ಹೋದ ಮೇಲೆ ಅವಳು ತನ್ನ ಓದನ್ನು ಅರ್ಧಕ್ಕೇ ಬಿಟ್ಟು ಕೌಂಟರಿನಲ್ಲಿ ಕೂತಿದ್ದು ಇವನು ಓದಲಿ ಎಂದೇ. ಮನೆಯಲ್ಲಿ ಒಬ್ಬರಾದರೂ ಡಾಕ್ಟರೇಟ್ ಅನ್ನಿಸಿಕೊಳ್ಳಬೇಕು ಎಂಬ ಆಸೆಯನ್ನು ಅವಳು ಮುಚ್ಚಿಟ್ಟುಕೊಂಡವಳೇ ಅಲ್ಲ. ಅವನು ಆರಿಸಿಕೊಂಡ ವಿಷಯವೋ, ಕೆರೆಗಳ ಬಸವನಹುಳು. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಬಸವನಹುಳುವಿನ ಹಿಂದೆ ಹೋದವನು ಅದಕ್ಕಿಂತ ಮುಂಚೆ ಹೇಗೆ ಮುಟ್ಟುತ್ತಾನೆ, ನನ್ನ ಕಾಲದಲ್ಲಿ ಮುಗಿದರೆ ಹೇಳಿ ಎಂದು ಬಂದವರೆದುರೆಲ್ಲ ಹಾಸ್ಯ ಮಾಡುತ್ತಿದ್ದಳು.

ಅಕ್ಕ ಇದ್ದಮೇಲೆ ಅವನಿಗೇನು ಕಡಿಮೆ? ಗ್ರಂಥಾಲಯದ ಮೇಲ್ಮಹಡಿಯಲ್ಲಿ ಸಂಶೋಧಕರಿಗೆಂದು ಪುಟ್ಟ ಪುಟ್ಟ ಓದುಕೋಣೆಗಳಿದ್ದವು. ಅವುಗಳಲ್ಲಿ ಕಿಟಕಿಯಿದ್ದದ್ದು ಅವನಿಗೆ ಬಂತು. ಅವುಗಳ ಬೀಗದಕೈ ಇರುತ್ತಿದ್ದುದು ಅಕ್ಕನ ಕೌಂಟರಿನಲ್ಲೇ. ಅವನು ಬೆಳಿಗ್ಗೆ ಕೈ ಚಾಚುತ್ತಿದ್ದ, ಅವಳು ತಲೆಯೆತ್ತದೆ ಬೀಗದಕೈ ಇಡುತ್ತಿದ್ದಳು, ತಿಂಡಿ ತಿಂದ್ಯಾ ಎಂದು ಕೇಳುತ್ತಿದ್ದಳು.

ಅವನ ಗೈಡ್‌ಗೆ ಇಡೀ ವಿಭಾಗದಲ್ಲಿ ‘ಬಸವನಹುಳು ಮೇಷ್ಟ್ರು’ ಎಂದೇ ಹೆಸರು. ಮಹಾ ಮುಂಗೋಪಿ. ವಿದ್ಯಾರ್ಥಿ ಬರೆದು ತಂದದ್ದನ್ನು ಓದಿ, ಕೆಂಪು ಶಾಯಿಯಲ್ಲಿ ಮೀಯಿಸಿ, ಇದೇನು ಕೊಳೆತ ಸೊಪ್ಪು ಎಂದು ಬೈದು, ಕೊನೆಗೆ ತಮ್ಮ ಫ್ಲಾಸ್ಕಿನ ಚಹಾವನ್ನೇ ಅರ್ಧ ಬಗ್ಗಿಸಿ ಕೊಡುವವರು. ತಮ್ಮ ಅವರಿಗೆ ಕೊನೆಯ ವಿದ್ಯಾರ್ಥಿ. ಇವನದು ಮುಗಿದರೆ ತಮ್ಮದೂ ಮುಗಿದ ಹಾಗೆ ಎನ್ನುತ್ತಿದ್ದರು.

ಪ್ರಬಂಧ ಇನ್ನೇನು ಮುಗಿಯುತ್ತದೆ ಎನ್ನುವಾಗ ಮೇಷ್ಟ್ರು ಪ್ರಯೋಗಾಲಯದಲ್ಲಿ ಕುಸಿದು ಬಿದ್ದರು. ಲಕ್ವ. ಬಲಗೈ ಬಲಗಾಲು ಹೋದವು, ಮಾತು ಹೋಯಿತು. ಉಳಿದದ್ದು ಒಂದೇ ಪದ: ಸರಿ. ನೀರು ಬೇಕಾ ಎಂದರೂ ಸರಿ, ಕಿಟಕಿ ಮುಚ್ಚಲಾ ಎಂದರೂ ಸರಿ. ಬದುಕಿನುದ್ದಕ್ಕೂ ಯಾರು ಬರೆದದ್ದನ್ನೂ ಒಂದೇ ಏಟಿಗೆ ಸರಿ ಎನ್ನದ ಮನುಷ್ಯ!

ಅಲ್ಲಿಯ ನಿಯಮ ಹೀಗಿತ್ತು. ಗೈಡ್ ಇಲ್ಲದೆ ನೋಂದಣಿ ಮುಂದುವರಿಯುವುದಿಲ್ಲ. ಗೈಡ್ ಹಾಸಿಗೆ ಹಿಡಿದರೆ ಅದೇ ಸೆಮಿಸ್ಟರ್ ಅವಧಿಯೊಳಗೆ ವಿಭಾಗವೇ ಇನ್ನೊಬ್ಬರನ್ನು ನೇಮಿಸಬಹುದು. ಆ ಅವಧಿ ದಾಟಿತೆಂದರೆ, ಗೈಡ್ ತಾವಾಗಿ ವಿದ್ಯಾರ್ಥಿಯನ್ನು ಬಿಟ್ಟುಕೊಟ್ಟರೆ ಮಾತ್ರ ಬೇರೆಯವರು ಕೈಹಿಡಿಯಬಹುದು. ಒಬ್ಬರ ವಿದ್ಯಾರ್ಥಿಯನ್ನು ಇನ್ನೊಬ್ಬರು ಎಳೆದುಕೊಳ್ಳಬಾರದು ಎಂದು ಹಿರಿಯರು ಮಾಡಿದ್ದ ಏರ್ಪಾಡು.

ವಿಭಾಗದವರು ಆಗಲೇ ಕೇಳಿದರು, ಬೇರೆಯವರನ್ನು ನೇಮಿಸೋಣವೇ ಎಂದು. ಆಗ ಮೇಷ್ಟ್ರ ಹೆಂಡತಿ ಆಸ್ಪತ್ರೆಯ ಮೊಗಸಾಲೆಯಲ್ಲಿ ದಾರಿಯಕ್ಕನ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಅವರು ಎದ್ದು ಬಂದೇ ಬರುತ್ತಾರೆ, ಬಂದಾಗ ಹುಡುಗ ಬೇರೆಯವರ ಪಾಲಾಗಿದ್ದರೆ ಅವರ ಎದೆ ಒಡೆದೀತು ಎಂದರು. ಅಕ್ಕ ಕರಗಿದಳು. ತಮ್ಮನೂ ಹೂಂ ಎಂದ. ಕಚೇರಿಯ ಸೂಪರಿಂಟೆಂಡೆಂಟ್ ಅವಳಿಗೆ ಬಹಳ ವರ್ಷದ ಪರಿಚಯ. ಮನುಷ್ಯ ಇನ್ನೂ ಉಸಿರಾಡುತ್ತಿರುವಾಗ ಹೆಸರು ಯಾಕೆ ಅಳಿಸುತ್ತೀರಿ, ಇದೊಂದು ಅವಧಿ ಸುಮ್ಮನಿರಿ ಎಂದು ಅವರಿಗೆ ದುಂಬಾಲು ಬಿದ್ದಳು. ಅವರು ಸುಮ್ಮನಿದ್ದರು. ಅವಧಿ ದಾಟಿತು. ಮೇಷ್ಟ್ರು ಏಳಲಿಲ್ಲ.

ಆಮೇಲೆ ಶುರುವಾಯಿತು ಅಲೆದಾಟ. ಕೀಟಗಳ ಮೇಲೆ ಕೆಲಸ ಮಾಡುವ ಪ್ರೊಫೆಸರ್ ಮೇಡಂ ಒಬ್ಬರಿದ್ದರು. ತಮ್ಮನ ಅಧ್ಯಾಯಗಳನ್ನು ಓದಿ ಮೆಚ್ಚಿಕೊಂಡವರು, ತೆಗೆದುಕೊಳ್ಳಲು ಸಿದ್ಧರೂ ಇದ್ದರು. ಆದರೆ ಮೇಷ್ಟ್ರು ಬಿಟ್ಟುಕೊಡದೆ ಹೇಗೆ ಮುಟ್ಟಲಿ ಎಂದರು. ಅಕ್ಕ ತಮ್ಮನನ್ನು ಕಟ್ಟಿಕೊಂಡು ತನಗೆ ಗೊತ್ತಿದ್ದ ಬಾಗಿಲುಗಳನ್ನೆಲ್ಲ ತಟ್ಟಿದಳು. ಡೀನ್ ಕಚೇರಿಯವರು ಕುಳ್ಳಿರಿಸಿ ಮಾತಾಡಿಸಿ ಅಹವಾಲು ಸಮಿತಿಗೆ ಕಳಿಸಿದರು. ಸಮಿತಿಯವರು ಅನ್ಯಾಯ ಯಾರಿಂದಲೂ ಆಗಿಲ್ಲವಲ್ಲಮ್ಮ ಎಂದು ಕಾನೂನು ಸಲಹೆಯವರತ್ತ ಕೈ ತೋರಿಸಿದರು. ಕಾನೂನಿನವರು ನಿಯಮ ಸ್ಪಷ್ಟವಾಗಿದೆ ಎಂದರು. ಆಪ್ತಸಲಹೆಯವರು ತಮ್ಮನಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರು. ಉದ್ಯೋಗ ಮಾರ್ಗದರ್ಶನದ ಹುಡುಗ, ಪಾಪ ಹೊಸಬ, ಎಲ್ಲ ಕೇಳಿಸಿಕೊಂಡು ಮುಖ ಅರಳಿಸಿ ಹೇಳಿದ: ‘ನೀವು ಗ್ರಂಥಾಲಯದ ಸಹಾಯ ಕೌಂಟರ್‌ಗೆ ಹೋಗಿ. ಅಲ್ಲೊಬ್ರು ದಾರಿಯಕ್ಕ ಅಂತ ಇದ್ದಾರೆ, ಅವರಿಗೆ ಗೊತ್ತಿಲ್ಲದ್ದೇ ಇಲ್ಲ.’

ತಮ್ಮ ಅಲ್ಲೇ ಬಿದ್ದು ಬಿದ್ದು ನಕ್ಕ. ಅಕ್ಕನಿಗೆ ಅಳು ಬಂತು. ಒಬ್ಬರಾದರೂ ಗದರಿದ್ದರೆ ಜಗಳವಾಡಿ ಹಗುರಾಗುತ್ತಿದ್ದಳು. ಎಲ್ಲರೂ ಒಳ್ಳೆಯವರು, ಎಲ್ಲರೂ ಚಹಾ ಕೊಟ್ಟರು. ಯಾರನ್ನು ಬೈಯುವುದು?

ಕೊನೆಗೆ ಸೂಪರಿಂಟೆಂಡೆಂಟರೇ ಒಂದು ಉಪಾಯ ಹೇಳಿದರು. ಸಹಿ ಹಾಕಲಾಗದವರು ಕಚೇರಿಯವರ ಎದುರು ಬಾಯಿಮಾತಿನಲ್ಲಿ ಒಪ್ಪಿದರೂ ಸಾಕು, ತಾನೇ ಬಂದು ಸಾಕ್ಷಿಯಾಗುತ್ತೇನೆ ಎಂದರು. ದಾರಿಯಕ್ಕನಿಗೆ ಹೋದ ಜೀವ ಬಂದಂತಾಯಿತು. ಮೇಷ್ಟ್ರು ಎಲ್ಲದಕ್ಕೂ ಸರಿ ಎನ್ನುತ್ತಾರಲ್ಲ! ಕೇಳುವುದೊಂದೇ ಬಾಕಿ. ತಮ್ಮ ಮಾತ್ರ ಮುಖ ಗಂಟಿಕ್ಕಿದ. ‘ಅದು ಮೋಸ ಅಲ್ವೇನಕ್ಕ?’ ಎಂದ. ಮೋಸವೇನು ಬಂತು, ಅವರ ಬಾಯಿಂದ ಅವರೇ ಹೇಳುವುದಲ್ಲವೇ ಎಂದು ಅಕ್ಕ ಸಿಡುಕಿದಳು. ಒಳಗೊಳಗೆ ಅವಳಿಗೂ ಕಸಿವಿಸಿಯೇ. ಆದರೆ ನೋಂದಣಿಯ ಗಡುವು ಮುಗಿಯುತ್ತ ಬಂದಿತ್ತು, ಮತ್ತು ಇದು ಬಿಟ್ಟರೆ ಬೇರೆ ಬಾಗಿಲಿರಲಿಲ್ಲ.

ಭಾನುವಾರ ಮೂವರೂ ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರು ಕಿಟಕಿಯ ಪಕ್ಕ ಆರಾಮಕುರ್ಚಿಯಲ್ಲಿದ್ದರು. ಕಿಟಕಿಕಟ್ಟೆಯ ಮೇಲೆ ಗಾಜಿನ ಭರಣಿ, ಅದರೊಳಗೆ ತಮ್ಮ ತಂದುಕೊಟ್ಟಿದ್ದ ಬಸವನಹುಳುಗಳು. ತಮ್ಮ ವಾರಕ್ಕೊಮ್ಮೆ ಬಂದು ನೀರು ಬದಲಿಸಿ ಹೋಗುತ್ತಿದ್ದ. ಆ ಹಾಳು ಹುಳುಗಳನ್ನು ನೋಡುತ್ತ ಊಟವನ್ನೂ ಮರೆಯುತ್ತಾರೆ ಎಂದು ಅವರ ಹೆಂಡತಿ ದೂರಿಕೊಂಡರು. ಶಿಷ್ಯನನ್ನು ಕಂಡದ್ದೇ ಮೇಷ್ಟ್ರ ಮುಖದ ಸರಿಯಿದ್ದ ಅರ್ಧ ಅರಳಿತು. ಎಡಗೈಯಿಂದ ಅವನ ಮಣಿಕಟ್ಟು ಹಿಡಿದು ಪಕ್ಕದ ಮಣೆಯ ಮೇಲೆ ಕೂರಿಸಿಕೊಂಡರು. ‘ಸರಿ, ಸರಿ’ ಎಂದರು.

ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಒರೆಸತೊಡಗಿದರು. ತಮ್ಮ ತಲೆ ಬಗ್ಗಿಸಿದ. ಯಾರೂ ಶುರುಮಾಡದ್ದನ್ನು ಕಂಡು, ಅಕ್ಕ ಮೊದಲೇ ವಿಷಯ ಹೇಳಿ ಒಪ್ಪಿಸಿದ್ದ ಮೇಷ್ಟ್ರ ಹೆಂಡತಿಯೇ ಗಂಡನ ಕಿವಿಯ ಹತ್ತಿರ ಬಾಗಿದರು.

‘ಕೇಳಿಸ್ತಾ? ಹುಡುಗನ್ನ ಕೀಟದ ಮೇಡಂ ಕೈಗೆ ಕೊಡ್ಬೇಕಂತೆ. ಕೊಡೋಣ ಅಲ್ವಾ?’

ಮೇಷ್ಟ್ರು ಏನೂ ಹೇಳಲಿಲ್ಲ.

ಅವರು ಹೆಂಡತಿಯನ್ನು ನೋಡಿದರು, ಅಕ್ಕನನ್ನು ನೋಡಿದರು. ಎಲ್ಲ ಅರ್ಥವಾಗಿತ್ತು ಅವರಿಗೆ. ತುಟಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿದ್ದರು. ಕಾಯಿಲೆ ಬಿದ್ದಾಗಿನಿಂದ ಉಸಿರಿನ ಹಾಗೆ ತಾನೇ ಬರುತ್ತಿದ್ದ ಆ ಪದವನ್ನು ಅವರು ಹಲ್ಲು ಕಚ್ಚಿ ತಡೆದಿದ್ದರು. ಕಣ್ಣಿನಿಂದ ನೀರು ಇಳಿದು ಗಡ್ಡದಲ್ಲಿ ಸೇರಿತು. ಹೆಂಡತಿ ಸೆರಗಿನಿಂದ ಒರೆಸಿದರು. ಇನ್ನೊಮ್ಮೆ ಕೇಳಲು ಅವರಿಗೂ ಧೈರ್ಯವಾಗಲಿಲ್ಲ.

ದಾರಿಯಕ್ಕ ಕೇಳಬಹುದಿತ್ತು. ಕೇಳಲೇಬೇಕು ಎಂದು ಅವಳ ಜೀವ ಒಳಗೆ ಕಿರುಚುತ್ತಿತ್ತು. ನಿಮ್ಮ ಹಟಕ್ಕೆ ನನ್ನ ತಮ್ಮನ ಬಾಳು ಯಾಕೆ ಬಲಿಯಾಗಬೇಕು, ಹೇಳಿ ಸ್ವಾಮಿ, ಒಂದು ಸಲ ಹೇಳಿಬಿಡಿ ಎಂದು. ಕೇಳಲಿಲ್ಲ.

ತಮ್ಮ ಮಣೆಯಿಂದ ಜಾರಿ ನೆಲದ ಮೇಲೆ ಕೂತ. ‘ಬೇಡ ಸಾರ್,’ ಎಂದ. ‘ನಾನೆಲ್ಲೂ ಹೋಗಲ್ಲ. ನಿಮ್ಮ ಹತ್ರಾನೇ ಇರ್ತೀನಿ.’

‘ಸರಿ,’ ಎಂದರು ಮೇಷ್ಟ್ರು.

ಸೂಪರಿಂಟೆಂಡೆಂಟರು ಎದ್ದು ಚಪ್ಪಲಿ ಹುಡುಕಿದರು. ಬಸ್ ನಿಲ್ದಾಣದಲ್ಲಿ ಅಕ್ಕ, ‘ಆಗ ನಾನು ಸುಮ್ನಿದ್ದಿದ್ರೆ ವಿಭಾಗದವರೇ ಕೊಡ್ತಿದ್ರು ಕಣೋ’ ಎಂದಳು. ತಮ್ಮ, ಆಗ ನಾನೂ ಹೂಂ ಅಂದಿದ್ದೆನಲ್ಲ, ಬಿಡಕ್ಕ ಎಂದ. ಬಸ್ಸು ಬಂತು, ಹತ್ತಿದರು.

ಗಡುವು ಮುಗಿದ ದಿನ ನೋಂದಣಿ ಬಿದ್ದುಹೋಯಿತು. ಮನೆಯಲ್ಲಿ ಅಮ್ಮ ಬಸವನಹುಳುವಿನ ಹಾಸ್ಯ ನಿಲ್ಲಿಸಿದಳು. ತಮ್ಮ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಹುಡುಕಿಕೊಂಡ. ಭರಣಿಯ ನೀರು ಬದಲಿಸಲು ಮಾತ್ರ ಭಾನುವಾರ ಹೋಗುತ್ತಾನೆ. ಅಧ್ಯಾಯ ಎಲ್ಲಿಗೆ ಬಂತು ಎಂಬಂತೆ ಮೇಷ್ಟ್ರು ಹುಬ್ಬು ಹಾರಿಸಿದರೆ, ನಡೀತಾ ಇದೆ ಸಾರ್ ಎನ್ನುತ್ತಾನೆ. ಅವರು ಸರಿ ಎನ್ನುತ್ತಾರೆ.

ಕೊನೆಯ ದಿನ ತನ್ನ ಬಳಿಯೇ ಉಳಿದಿದ್ದ ಓದುಕೋಣೆಯ ಬೀಗದಕೈ ಒಪ್ಪಿಸಲು ಬಂದ ಬೆಳಿಗ್ಗೆ ಅವನು ಎಲ್ಲರಂತೆ ಸಾಲಿನಲ್ಲೇ ನಿಂತ. ತನ್ನ ಸರದಿ ಬಂದಾಗ ಬೀಗದಕೈಯನ್ನು ಗಾಜಿನ ಕೆಳಗಿಂದ ಸರಿಸಿದ. ಅಕ್ಕನ ಬಾಯಿಗೆ ರೂಢಿಯಂತೆ, ‘ಇಲ್ಲಿ ಆಗ್ಲಿಲ್ಲ ಅಂದ್ರೆ ನೀವು...’ ಎಂದು ಬಂದುಬಿಟ್ಟಿತು. ಎಲ್ಲರಿಗೂ ಹೇಳುವ ಮಾತು ಅದು. ಮುಂದಕ್ಕೆ ಹೇಳಲು ಅವಳ ಬಳಿ ಏನೂ ಇರಲಿಲ್ಲ.

‘ತಿಂಡಿ ತಿಂದ್ಯಾ?’ ಎಂದಳು.

‘ತಿಂದೆ ಅಕ್ಕ,’ ಎಂದು ಅವನು ಬದಿಗೆ ಸರಿದ. ಹಿಂದೆ ನಿಂತಿದ್ದ ಹುಡುಗಿ ಮುಂದೆ ಬಂದು, ಓದಲು ಒಂದು ಕೋಣೆ ಸಿಗಬಹುದಾ ಎಂದು ಕೇಳಿದಳು. ಬೀಗದಕೈ ಇನ್ನೂ ತಮ್ಮನ ಕೈಯ ಬಿಸಿಯಲ್ಲೇ ಇತ್ತು. ಮೇಲ್ಮಹಡಿಯಲ್ಲಿ ಈಗಷ್ಟೇ ಒಂದು ಖಾಲಿಯಾಗಿದೆ, ಕಿಟಕಿಯಿದೆ, ಬೆಳಕು ಚೆನ್ನಾಗಿ ಬರುತ್ತದೆ ಎಂದು ದಾರಿಯಕ್ಕ ಹೇಳಿ, ಅದನ್ನು ಅವಳ ಕೈಗಿಟ್ಟಳು.